ಕಾವುಪೆಟ್ಟಿಗೆಯ ಪಾಸ್‌ವರ್ಡ್

"ಒಡೀತು! ದೊಡ್ಡವಳೇ, ಒಡೀತು, ಓಡಿ ಬಾ!"

ಅತ್ತೆಯ ಕೂಗು ಶೆಡ್ಡಿನಿಂದ ಹೊರಟು ಅಂಗಳ ದಾಟಿ ರಸ್ತೆಯವರೆಗೂ ಕೇಳಿಸಿತು. ದೊಡ್ಡ ಸೊಸೆ ಆಗ ವ್ಯಾನಿನ ಹಿಂದೆ ನಿಂತು, ಅಂಗಡಿಗಳಿಗೆ ಹೋಗಬೇಕಾದ ಬಾತುಮೊಟ್ಟೆಯ ಟ್ರೇಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಏನು ಒಡೆಯಿತು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆ ಮನೆಯವರೆಲ್ಲ ಬೆಳಗಾದರೆ ಕಾಯುತ್ತಿದ್ದದ್ದು ಅದೊಂದಕ್ಕೇ. ಕೈಯಲ್ಲಿದ್ದ ಫೋನನ್ನು ಟ್ರೇಗಳ ಮೇಲಿಟ್ಟವಳೇ ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ ಎನ್ನುವಂತೆ ಓಡಿದಳು.

ಮನೆಯ ಹಿಂದಿನ ಆ ಉದ್ದನೆಯ ಶೆಡ್ಡಿನ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಕಾವುಪೆಟ್ಟಿಗೆ ನಿಂತಿತ್ತು. ಮುಂದೆ ಗಾಜಿನ ಬಾಗಿಲು, ಒಳಗೆ ತಂತಿಯ ತಟ್ಟೆಗಳು, ತಟ್ಟೆಗಳ ತುಂಬ ಬಾತಿನ ಮೊಟ್ಟೆಗಳು. ಚಿಕ್ಕ ಸೊಸೆ ಆಗಲೇ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಅವಳ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು, ಅದನ್ನವಳು ತೋಳಿನಿಂದ ಒರೆಸಿ ಮತ್ತೆ ಮೂಗು ಒತ್ತುತ್ತಿದ್ದಳು.

"ಅಕ್ಕಾ, ಅಲ್ಲಿ! ಮಧ್ಯದ ತಟ್ಟೆ, ಎಡಗಡೆ ತುದಿ. ಕೊಕ್ಕು ಕಾಣ್ತಿದೆ!"

ಒಂದು ಮೊಟ್ಟೆಯ ಮೇಲೆ ನಕ್ಷತ್ರದಂಥ ಬಿರುಕು ಬಿಟ್ಟಿತ್ತು. ಬಿರುಕಿನ ನಡುವೆ ಸಾಸಿವೆ ಕಾಳಿನಷ್ಟು ತೂತು. ಆ ತೂತಿನಲ್ಲಿ ಏನೋ ಮಿಸುಕಿತು. ಅತ್ತೆ ಕಿವಿಯ ಮೇಲಿನ ಕೂದಲನ್ನು ಹಿಂದೆ ಸರಿಸಿ, ಗಾಜಿಗೆ ಕಿವಿಗೊಟ್ಟು, "ಒಂದಲ್ಲ ಕಣ್ರೇ, ಐದಾರು ಮಾತಾಡ್ತಿವೆ," ಎಂದಳು. ಅತ್ತೆ ತಲೆ ನರೆಯುವ ತನಕ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕೂತು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿಕೊಟ್ಟವಳು. ಅವಳ ಕಿವಿಯನ್ನು ಆ ಮನೆಯಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ.

ಖುಷಿಯಲ್ಲಿ ಚಿಕ್ಕವಳು ಚಪ್ಪಾಳೆ ತಟ್ಟಿದಳು. ದೊಡ್ಡವಳ ಮುಖ ಮಾತ್ರ ಅರೆಕ್ಷಣದಲ್ಲಿ ಬದಲಾಯಿತು.

"ಇವತ್ತೇ ಯಾಕೆ? ನಾಳೆ ಅಲ್ವಾ ಬರಬೇಕಾಗಿದ್ದು?"

ಕಾವುಪೆಟ್ಟಿಗೆ ಗಂಟೆಗೊಮ್ಮೆ ತಟ್ಟೆಗಳನ್ನು ಗರ್ ಎಂದು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ವಾಲಿಸುತ್ತಿತ್ತು. ತಾಯಿಬಾತು ಕೊಕ್ಕಿನಿಂದ ಮೊಟ್ಟೆ ಹೊರಳಿಸುವ ಕೆಲಸವನ್ನು ಅದು ಮೋಟಾರಿನಿಂದ ಮಾಡುತ್ತಿತ್ತು. ಆದರೆ ಮರಿ ಚಿಪ್ಪು ಒಡೆಯಲು ಶುರು ಮಾಡಿದ ಮೇಲೆ ಹೊರಳಿಸಬಾರದು, ಒಳಗಿನ ತೇವವನ್ನೂ ಏರಿಸಬೇಕು. ಇಲ್ಲದಿದ್ದರೆ ತೂತು ಅಡಿಯಾಗಿ ಮರಿಯ ಉಸಿರು ಕಟ್ಟುತ್ತದೆ, ಒಳಪೊರೆ ಒಣಗಿ ಮೈಗೆ ಅಂಟಿಕೊಳ್ಳುತ್ತದೆ. ಆ ಬದಲಾವಣೆಯನ್ನು ಅವರು ನಾಳೆ ಬೆಳಗ್ಗೆಗೆಂದು ಗೊತ್ತುಮಾಡಿಟ್ಟಿದ್ದರು. ಮರಿಗಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಪೆಟ್ಟಿಗೆಯ ಮೇಲೆ ಗುಂಡಿಗಳೇನೋ ಇದ್ದವು. ಆದರೆ ಕಳೆದ ಸಲ ಮೈದುನ, ಅಂದರೆ ಚಿಕ್ಕವಳ ಗಂಡ, ಅದಕ್ಕೊರಗಿ ಹರಟೆ ಹೊಡೆಯುವಾಗ ಅವನ ಮೊಣಕೈ ತಾಗಿ ಶಾಖ ಏರಿ, ಒಂದು ತಟ್ಟೆ ಮೊಟ್ಟೆ ಹಾಳಾಗಿದ್ದವು. ಅವತ್ತಿನಿಂದ ದೊಡ್ಡವಳು ಆ ಗುಂಡಿಗಳಿಗೆ ಫೋನಿನಿಂದಲೇ ಬೀಗ ಹಾಕಿಬಿಟ್ಟಿದ್ದಳು. ಏನು ಬದಲಿಸುವುದಿದ್ದರೂ ಅವಳ ಫೋನಿನಲ್ಲಿದ್ದ ಆ್ಯಪಿನಿಂದಲೇ ಆಗಬೇಕು.

"ನನ್ನ ಫೋನೆಲ್ಲಿ?" ಎಂದು ಅವಳು ಏಪ್ರನ್ ಜೇಬು ತಡವುತ್ತಿದ್ದಳು. ಹೊರಗೆ ವ್ಯಾನು ಹಿಂದಕ್ಕೆ ಸರಿಯುವ ಸದ್ದು. ಅದರ ಹಿಂದೆಯೇ, ಒಣ ಹಪ್ಪಳ ಮುರಿದಂತೆ, ಚರಕ್ ಎಂದು ಇನ್ನೊಂದು ಸದ್ದು.

ಮೂವರೂ ಹೊರಗೋಡಿದರು. ಮೈದುನ ವ್ಯಾನಿನಿಂದಿಳಿದು, ಹಿಂದಿನ ಚಕ್ರದ ಬಳಿ ಕೂತು, ಏನನ್ನೋ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ. ಗಾಜು ಜೇಡರಬಲೆಯಾಗಿತ್ತು. ನಡು ಬಾಗಿ ಒಳಗಿನ ಹಸಿರು ಹಾಳೆ ಇಣುಕುತ್ತಿತ್ತು.

"ಅತ್ತಿಗೇ," ಎಂದ ಅವನು ಮೆಲ್ಲಗೆ, "ಟ್ರೇ ತಳ್ಳಿದಾಗ ಏನೋ ಕೆಳಗೆ ಬಿತ್ತು ಅನ್ನಿಸ್ತು. ನಾನು ಕಲ್ಲು ಅಂದ್ಕೊಂಡೆ."

ಚಿಕ್ಕವಳು ಗಂಡನನ್ನು ನುಂಗುವಂತೆ ನೋಡಿದಳು. "ಕಲ್ಲು ಬೀಳತ್ತಾರೀ ಟ್ರೇ ಮೇಲಿಂದ?"

ಬೈಯಲು ಪುರುಸೊತ್ತಿರಲಿಲ್ಲ. ಶೆಡ್ಡಿನೊಳಗಿಂದ ಗರ್ ಎಂಬ ಸದ್ದು ಬಂತು. ಓಡಿ ಬಂದು ನೋಡಿದರೆ ತಟ್ಟೆಗಳು ಇನ್ನೊಂದು ಮಗ್ಗುಲಿಗೆ ವಾಲಿದ್ದವು, ತೂತಿದ್ದ ಮೊಟ್ಟೆ ಜಾರಿ ಪಕ್ಕದ್ದಕ್ಕೆ ಒತ್ತಿ ನಿಂತಿತ್ತು. ಪುಣ್ಯಕ್ಕೆ ತೂತು ಇನ್ನೂ ಮೇಲೇ ಇತ್ತು. ಮುಂದಿನ ವಾಲುವಿಕೆಗೆ ಉಳಿದ ನಿಮಿಷಗಳನ್ನು ಪೆಟ್ಟಿಗೆಯ ಪುಟ್ಟ ಪರದೆ ಒಂದೊಂದಾಗಿ ಇಳಿಸತೊಡಗಿತು.

"ಬಾಗಿಲು ತೆಗೆದು ಮೋಟಾರಿನ ವೈರ್ ಕಿತ್ತುಬಿಡ್ಲಾ?" ಎಂದ ಮೈದುನ.

"ಮುಟ್ಟೀಯ! ಬಾಗಿಲು ತೆಗೆದ್ರೆ ಇರೋ ತೇವಾನೂ ಹೋಗತ್ತೆ. ಆ ವೈರು ಫ್ಯಾನಿಗೂ ಅದೇ, ಶಾಖಕ್ಕೂ ಅದೇ," ಎಂದಳು ದೊಡ್ಡವಳು. ಅವಳ ಗಂಡ ಕಾರ್ಖಾನೆಯ ಪಾಳಿಯಲ್ಲಿದ್ದ. ಅಲ್ಲಿ ಫೋನ್ ಒಳಗೆ ಒಯ್ಯುವಂತಿರಲಿಲ್ಲ. ಪೆಟ್ಟಿಗೆ ಕೂರಿಸಿಕೊಟ್ಟ ಮೆಕ್ಯಾನಿಕ್‌ಗೆ ಚಿಕ್ಕವಳು ಕರೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಮತ್ತೆ ಅದೇ.

"ನನ್ನ ಫೋನಿಗೇ ಆ ಆ್ಯಪ್ ಹಾಕ್ಕೊಳ್ತೀನಿ," ಎಂದು ಅವಳು ಬೆರಳು ಆಡಿಸಿದಳು. ಆ್ಯಪ್ ಬಂತು. ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ್ದ ನಂಬರನ್ನೂ ಹಾಕಿದಳು. ಆಮೇಲೆ ಅದು ಪಾಸ್‌ವರ್ಡ್ ಕೇಳಿತು.

ಮೂರು ಜೊತೆ ಕಣ್ಣು ದೊಡ್ಡವಳ ಕಡೆ ತಿರುಗಿದವು.

"ನಂಗೊತ್ತಿಲ್ಲ. ಅವತ್ತು ಆ ಮೆಕ್ಯಾನಿಕ್ಕೇ ನನ್ನ ಫೋನಲ್ಲಿ ಪಟಪಟ ಅಂತ ಒತ್ತಿ ಕೊಟ್ಟ. ಮರೆತರೆ ಹೊಸದು ಕಳಿಸೋ ಮೇಲ್ ಐಡಿನೂ ಅವನದ್ದೇ."

ಊಹೆಯ ಆಟ ಶುರುವಾಯಿತು. ಮೈದುನ ಹೇಳಿದ ಮೆಕ್ಯಾನಿಕ್‌ನ ಹೆಸರು ಹಾಕಿದರು, ತಪ್ಪು. ಚಿಕ್ಕವಳು ಬಾತು ಎಂದು ಬರೆದು ಮುಂದೆ ಒಂದು, ಎರಡು, ಮೂರು ಸೇರಿಸಿದಳು, ತಪ್ಪು. ಪೆಟ್ಟಿಗೆಯ ನಂಬರನ್ನೇ ಹಿಂದುಮುಂದು ಮಾಡಿದರು, ಅದೂ ತಪ್ಪು. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಇನ್ನೊಂದೇ ಪ್ರಯತ್ನ ಉಳಿದಿದೆ, ಅದೂ ತಪ್ಪಿದರೆ ಖಾತೆ ನಾಳೆಯವರೆಗೆ ಮುಚ್ಚುತ್ತದೆ.

"ಕೈ ತೆಗಿ!" ಎಂದು ಅತ್ತೆ ಗದರಿಸಿದಳು. ಚಿಕ್ಕವಳು ಫೋನನ್ನು ಬಿಸಿ ಕೆಂಡದಂತೆ ಬೆಂಚಿನ ಮೇಲಿಟ್ಟಳು. ಪೆಟ್ಟಿಗೆಯೊಳಗೆ ಒಂದು ಮರಿ, ಎಲ್ಲಿಂದಲೋ, ಸಣ್ಣಗೆ ಚಿಂವ್ ಎಂದಿತು.

ಆಗ ಚಿಕ್ಕವಳು ಹಣೆ ಬಡಿದುಕೊಂಡಳು. "ಅಕ್ಕಾ! ಬ್ಯಾಕಪ್ಪು! ಕಳೆದ ವರ್ಷ ನಾನೇ ಆನ್ ಮಾಡಿ ಕೊಟ್ಟಿದ್ನಲ್ಲ? ದಿನಾ ಚಾರ್ಜಿಗೆ ಇಟ್ಟಾಗ ಫೋನಲ್ಲಿರೋದರ ನಕಲು ತಾನೇ ತಾನಾಗಿ ಮೇಲೆ ಕ್ಲೌಡಿಗೆ ಹೋಗಿ ಕೂರತ್ತೆ."

"ಅದರಲ್ಲಿ ಫೋಟೋ ತಾನೇ ಇರೋದು?"

"ಫೋಟೋ ಅಷ್ಟೇ ಅಲ್ಲ. ನಂಬರು, ಮೆಸೇಜು, ಸೆಟ್ಟಿಂಗು... ಪಾಸ್‌ವರ್ಡೂ ಇರಬಹುದು. ಸರಿಯಾಗಿ ಏನೇನಿರತ್ತೋ ನಾನೂ ಯಾವತ್ತೂ ನೋಡಿಲ್ಲ. ಅವನು ಪಾಸ್‌ವರ್ಡ್ ಹಾಕಿದಾಗ ಉಳಿಸ್ಲಾ ಅಂತ ಕೇಳಿತ್ತಾ?"

ದೊಡ್ಡವಳು ಕಣ್ಣು ಕಿರಿದು ಮಾಡಿದಳು. "ಏನೋ ಕೇಳ್ತು. ನಾನು ಎಲ್ಲದಕ್ಕೂ ಹೂಂ ಅಂತ ಒತ್ತಿದೆ."

"ಹಾಗಾದ್ರೆ ಇದೆ! ಆದ್ರೆ ಅದನ್ನ ಇಳಿಸ್ಕೊಳ್ಳೋಕೆ ಹೊಸ ಫೋನ್ ಬೇಕು, ಏನೂ ಹಾಕಿರದೇ ಇರೋದು, ಖಾಲಿ..."

ಮಾತು ಅರ್ಧಕ್ಕೇ ನಿಂತಿತು. ಅತ್ತೆ, ಸೊಸೆಯಂದಿರು, ಮೂವರೂ ಒಟ್ಟಿಗೆ ಮೈದುನನ ಕಡೆ ತಿರುಗಿದರು. ಅವನು ಒಂದು ಹೆಜ್ಜೆ ಹಿಂದಿಟ್ಟ.

ನಿನ್ನೆಯಷ್ಟೇ ಅವನು ಹೊಸ ಫೋನ್ ಕೊಂಡಿದ್ದ. ಡಬ್ಬ ತೆರೆದು ನೋಡಿ ಮುಚ್ಚಿದ್ದ, ಮತ್ತೆ ತೆರೆದು ಮೂಸಿ ಮುಚ್ಚಿದ್ದ. ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ರಜಾದಿನ ಕೂತು ಆರಾಮಾಗಿ ಶುರು ಮಾಡುತ್ತೇನೆ ಎಂದಿದ್ದ.

"ಅದು..." ಎಂದ.

"ಅದೇ," ಎಂದಳು ಅವನ ಹೆಂಡತಿ.

ಅವನು ಮನೆಯೊಳಗೋಡಿ ಡಬ್ಬ ತಂದ. ತಾನೇ ಪ್ಲಾಸ್ಟಿಕ್ ಹಾಳೆ ಸುಲಿದ. ಸುಲಿಯುವಾಗ ಅವನ ಮುಖ ನೋಡಿ ಅತ್ತೆ ಮುಸಿಮುಸಿ ನಕ್ಕಳು. ಅಷ್ಟರಲ್ಲಿ ಚಿಕ್ಕವಳು ಸೇಫ್ಟಿ ಪಿನ್ನಿನಿಂದ ಹಳೆ ಫೋನಿನ ಬಾಗಿದ ಅಂಚನ್ನು ಮೀಟಿ ಸಿಮ್ಮನ್ನು ಹೊರಗೆಳೆದಿದ್ದಳು. ಅಷ್ಟೆಲ್ಲ ಅರೆದು ಹೋದ ಫೋನಿನಲ್ಲಿ ಉಗುರಗಲದ ಆ ಸಿಮ್ಮಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆ ಸಿಮ್ ಹಾಕಿದ್ದೇ ಹೊಸ ಫೋನ್ ಬೆಳಗಿತು. ನಮಸ್ಕಾರ ಎಂದಿತು, ಭಾಷೆ ಕೇಳಿತು, ಮನೆಯ ವೈಫೈ ಕೇಳಿತು. ಹಳೆಯ ಫೋನಿನಿಂದ ಏನಾದರೂ ತರಬೇಕೇ ಎಂದು ಕೇಳಿದಾಗ ಚಿಕ್ಕವಳು "ಎಲ್ಲಾನೂ ತಾರಪ್ಪಾ" ಎಂದು ಬಾಯಲ್ಲೇ ಉತ್ತರ ಕೊಟ್ಟಳು. ದೊಡ್ಡವಳ ಖಾತೆಯ ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಕೂತು ಮಾಡಿದ್ದು, ಅತ್ತೆಯ ಅಚ್ಚುಮೆಚ್ಚಿನ ಬೈಗುಳ. ಅತ್ತೆ ಪಕ್ಕದಲ್ಲೇ ಇದ್ದುದರಿಂದ ಚಿಕ್ಕವಳು ಫೋನನ್ನು ತುಸು ವಾರೆ ಮಾಡಿಕೊಂಡು ಬರೆದಳು. ಸಿಮ್ಮಿಗೆ ಒಟಿಪಿಯ ಗುಟ್ಟಿನ ಅಂಕಿ ಬಂತು, ಅದನ್ನೂ ಹಾಕಿದಳು.

ಪರದೆಯ ಮೇಲೆ ಹಳೆಯ ಫೋನಿನ ಹೆಸರು ಮೂಡಿತು. ಕೆಳಗೆ: ನಿನ್ನೆ ರಾತ್ರಿ ಉಳಿಸಲಾಗಿದೆ.

"ಇದೆ! ನಿನ್ನೇದೇ ಇದೆ!" ಎಂದು ಚಿಕ್ಕವಳು ಕುಣಿದಳು. ಮರುಕ್ಷಣ ಒಂಬತ್ತು ಚುಕ್ಕಿಗಳು ಬಂದವು. ಹಳೆಯ ಫೋನಿನ ಬೀಗ ತೆರೆಯುವ ಗೆರೆ ಎಳೆಯಿರಿ, ಅದಿಲ್ಲದೆ ಒಳಗಿನದನ್ನು ಯಾರೂ ಓದಲಾರರು ಎಂಬ ಸೂಚನೆ.

ದೊಡ್ಡವಳು ಬೆರಳು ಎತ್ತಿದಳು. ಬೆರಳು ಅಲ್ಲೇ ನಿಂತಿತು.

"ಏನಾಯ್ತಕ್ಕಾ?"

"ನಾನು ಯಾವಾಗ್ಲೂ ಬೆರಳಚ್ಚಲ್ಲೇ ತೆಗೆಯೋದು. ಕೈ ಒದ್ದೆ ಇದ್ದಾಗ ಮಾತ್ರ ಈ ಗೆರೆ... ಮೇಲಿಂದ ಕೆಳಗೆ ಬಂದು..." ಎಳೆದಳು. ತಪ್ಪು. ಬೇರೆ ಥರ ಎಳೆದಳು. ಅದೂ ತಪ್ಪು. ಪೆಟ್ಟಿಗೆಯ ಪರದೆಯಲ್ಲಿ ನಿಮಿಷಗಳು ಅರ್ಧಕ್ಕಿಂತ ಕೆಳಗಿಳಿದಿದ್ದವು. ಈಗ ಒಂದರ ಬದಲು ಮೂರು ಮೊಟ್ಟೆಗಳಲ್ಲಿ ಬಿರುಕಿತ್ತು.

ಅತ್ತೆ ಅವಳ ಕೈಯಿಂದ ಫೋನನ್ನು ತೆಗೆದುಕೊಂಡಳು.

"ತಲೇನ ಕೇಳಬೇಡ ಕಣೇ. ತಲೆಗೆ ಗೊತ್ತಿಲ್ಲ. ನನ್ನ ಕಾಲದಲ್ಲಿ ಯಾರಾದ್ರೂ ಇಂಥ ಡಾಕ್ಟ್ರ ನಂಬರೆಷ್ಟು ಅಂದ್ರೆ ನಂಗೆ ಬಾಯಲ್ಲಿ ಬರ್ತಿರಲಿಲ್ಲ. ಬೋರ್ಡ್ ಮುಂದೆ ಕೂತ್ರೆ ಕೈ ತಾನಾಗೇ ಹೋಗ್ತಿತ್ತು. ನೀನು ಅದನ್ನ ಎಲ್ಲಿ ನಿಂತು, ಹ್ಯಾಗೆ ನಿಂತು ಮಾಡ್ತಿದ್ದೆ?"

ದೊಡ್ಡವಳು ಗೋಡೆಗೊರಗಿಸಿದ್ದ ತೊಳೆದ ಟ್ರೇಯೊಂದನ್ನು ಎತ್ತಿ ಬಲಸೊಂಟಕ್ಕೆ ಆನಿಸಿ, ಬಲತೋಳಿನಿಂದ ಬಳಸಿ ಹಿಡಿದಳು, ಕೂಸನ್ನು ಎತ್ತಿಕೊಂಡವರ ಹಾಗೆ. ಎಡಗೈ ಚಾಚಿದಳು. ಅತ್ತೆ ಫೋನನ್ನು ಆ ಅಂಗೈಯಲ್ಲಿಟ್ಟಳು. ದೊಡ್ಡವಳು ಕಣ್ಣು ಮುಚ್ಚಿದಳು.

ಎಡಗೈ ಹೆಬ್ಬೆರಳು ಸರಕ್ಕನೆ ಮೇಲೆ ಹೋಗಿ, ಅಡ್ಡ ಹಾಯ್ದು, ಓರೆಯಾಗಿ ಇಳಿದು, ಮೂಲೆಯಲ್ಲಿ ನಿಂತಿತು. ಅವಳು ಕಣ್ಣು ತೆರೆಯುವ ಮೊದಲೇ ಚಿಕ್ಕವಳು ಕಿರುಚಿದ್ದಳು.

"ತೆರೀತು! ಅಕ್ಕಾ, ತೆರೀತು!"

ನೀಲಿ ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಆಮೆ ಇದಕ್ಕಿಂತ ಚುರುಕು ಎಂದು ಮೈದುನ ಗೊಣಗಿದ. ನಾಲ್ಕು ತಲೆಗಳು ಒಂದೇ ಪರದೆಯ ಮೇಲೆ ಬಾಗಿ ಒಂದಕ್ಕೊಂದು ಡಿಕ್ಕಿ ಹೊಡೆದವು.

ಮೊದಲು ಬಂದದ್ದು ಪರದೆಯ ಹಿನ್ನೆಲೆಚಿತ್ರ. ಕತ್ತು ಚಾಚಿ, ಈಗಲೋ ಇನ್ನೊಂದು ಗಳಿಗೆಗೋ ಕಚ್ಚಲಿರುವ ಅವರ ಮನೆಯ ಗಂಡುಬಾತು. ನೋಡಿದ್ದೇ ಎಲ್ಲರೂ ನಕ್ಕರು. ಆಮೇಲೆ ಅಕ್ಷರಗಳು ದಪ್ಪಗಾದವು. ದೊಡ್ಡವಳು ಕನ್ನಡಕವಿಲ್ಲದೆ ಓದಲೆಂದು ಮಾಡಿಕೊಂಡಿದ್ದ ಗಾತ್ರ. ಅವಳ ಬೆಳಕಿನ ಮಟ್ಟ, ಬೆಳಗಿನ ಜಾವದಲ್ಲಿ ಫೋನ್ ಸದ್ದು ಮಾಡಬಾರದೆಂದು ಇಟ್ಟಿದ್ದ ನಿಯಮ, ಒಂದೊಂದೂ ತಂತಮ್ಮ ಜಾಗಕ್ಕೆ ಬಂದು ಕೂತವು. ಮನೆ ಖಾಲಿ ಮಾಡಿ ಹೋದವರ ಸಾಮಾನುಗಳೆಲ್ಲ ತಾವಾಗಿಯೇ ಗಾಡಿಯಿಂದಿಳಿದು, ಹಳೆಯ ಗೂಡು, ಹಳೆಯ ಮೊಳೆ ಹುಡುಕಿಕೊಂಡಂತೆ ಇತ್ತು. ಇಷ್ಟೆಲ್ಲ ತಾನು ಮಾಡಿಟ್ಟುಕೊಂಡಿದ್ದೆ ಎಂಬುದೇ ದೊಡ್ಡವಳಿಗೆ ಮರೆತಿತ್ತು.

"ನಂಬರುಗಳು ಬಂದ್ವಾ ನೋಡೋಣ," ಎಂದು ಮೈದುನ ತನ್ನ ಹಳೆಯ ಫೋನಿನಿಂದ ಅವಳಿಗೆ ಕರೆ ಮಾಡಿದ. ಹೊಸ ಫೋನ್ ಬಾತಿನ ದನಿಯಲ್ಲಿ ಕ್ವಾಕ್ ಕ್ವಾಕ್ ಎಂದು ಕೂಗಿತು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿತು: ಮೊಣಕೈ.

ಅವನು ಓದಿದ. ಮತ್ತೊಮ್ಮೆ ಓದಿದ.

"ಅತ್ತಿಗೇ! ಇದು ನಾನಾ?"

"ಮತ್ತಿನ್ಯಾರು?" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡವಳು ಸೆರಗು ಬಾಯಿಗೊತ್ತಿಕೊಂಡರೂ ನಗೆ ನಿಲ್ಲಲಿಲ್ಲ.

ನಗೆ ತಾನಾಗಿಯೇ ನಿಂತಿತು. ಆ್ಯಪುಗಳೆಲ್ಲ ಬೂದು ಬಣ್ಣದ ಗುರುತುಗಳಾಗಿ ಸಾಲಾಗಿ ನಿಂತಿದ್ದವು, ಒಂದೊಂದೇ ಇಳಿಯುತ್ತಿದ್ದವು. ಮೊದಲು ಬಂದದ್ದು ಮಿಠಾಯಿ ಒಡೆಯುವ ಆಟ. ಆಮೇಲೆ ಟಾರ್ಚು. ಆಮೇಲೆ ಇನ್ನೊಂದು ಆಟ.

"ಇದೆಲ್ಲ ಯಾಕೆ ಬೇಕು ಈಗ?" ಎಂದು ಚಿಕ್ಕವಳು ಪರದೆಯನ್ನು ಮೇಲಕ್ಕೆ ತಳ್ಳಿ ತಳ್ಳಿ, ಕೊನೆಗೆ ಮೊಟ್ಟೆಯ ಚಿತ್ರವಿದ್ದ ಗುರುತನ್ನು ಹುಡುಕಿ ಒತ್ತಿದಳು. ಅದರ ಸುತ್ತ ಸಣ್ಣ ಚಕ್ರ ತಿರುಗಿತು. ಪೆಟ್ಟಿಗೆಯ ಪರದೆಯಲ್ಲಿ ನಿಮಿಷಗಳು ಒಂದಂಕಿಗೆ ಇಳಿದಿದ್ದವು. ಮೈದುನ ಕೈಕಟ್ಟಿ, ಪೆಟ್ಟಿಗೆಗೆ ಒರಗಹೋದವನು ಬೆಂಕಿ ತಾಗಿದಂತೆ ಸರಿದು ನಿಂತ.

ಆ್ಯಪ್ ತೆರೆಯಿತು. ಎಲ್ಲರ ಮುಖ ಅರಳಿ ಮತ್ತೆ ಬಾಡಿತು. ಖಾಲಿ ಪುಟ. ಅದೇ ನಂಬರು, ಅದೇ ಪಾಸ್‌ವರ್ಡ್ ಕೇಳುವ ಜಾಗ.

"ಆ್ಯಪ್ ಬಂದಿದೆ, ಒಳಗಿಂದು ಏನೂ ಬಂದಿಲ್ಲ," ಎಂದಳು ಚಿಕ್ಕವಳು ಸಣ್ಣ ದನಿಯಲ್ಲಿ. "ಎಲ್ಲಾ ಆ್ಯಪೂ ಎಲ್ಲಾನೂ ಮೇಲೆ ಕಳಿಸಲ್ಲ ಅನ್ಸತ್ತೆ."

ದೊಡ್ಡವಳು ಫೋನನ್ನು ತನ್ನ ಕೈಗೆ ತೆಗೆದುಕೊಂಡಳು. ಬೇರೆ ದಾರಿ ಕಾಣದೆ ಆ ಖಾಲಿ ಜಾಗವನ್ನೇ ಹೆಬ್ಬೆರಳಿನಿಂದ ಒತ್ತಿದಳು. ಕೀಲಿಮಣೆ ಮೇಲೆದ್ದು ಬಂತು. ಅದರ ನೆತ್ತಿಯ ಮೇಲೆ ಪುಟ್ಟದೊಂದು ಬೀಗದಕೈ ಚಿತ್ರ, ಪಕ್ಕದಲ್ಲಿ ಪೆಟ್ಟಿಗೆಯ ನಂಬರು, ನಂಬರಿನ ಕೆಳಗೆ ಸಾಲಾಗಿ ಕಪ್ಪು ಚುಕ್ಕಿಗಳು.

"ಇದೇನೇ ಇದು?"

"ಅದೇ ಅಕ್ಕಾ! ಅದೇ! ನೀನು ಹೂಂ ಅಂದಿದ್ದು!"

"ಒತ್ಲಾ? ಇರೋದು ಒಂದೇ ಸಲ."

"ಒತ್ತೇ ತಾಯಿ," ಎಂದಳು ಅತ್ತೆ.

ಒತ್ತಿದಳು. ಚುಕ್ಕಿಗಳು ಖಾಲಿ ಜಾಗಕ್ಕೆ ಹಾರಿ ಕೂತವು. ಚಕ್ರ ತಿರುಗಿತು. ನಿಂತಂತೆ ಮಾಡಿ ಮತ್ತೆ ತಿರುಗಿತು. ಮೈದುನ ಕಣ್ಣು ಮುಚ್ಚಿಕೊಂಡು ಹೆಂಡತಿಯ ತೋಳು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಹಸಿರು ಬಣ್ಣ ಪರದೆ ತುಂಬಿತು. ಒಳಗಿನ ಶಾಖ, ತೇವ, ಮುಂದಿನ ವಾಲುವಿಕೆಯ ಹೊತ್ತು, ಎಲ್ಲ ಅಂಕಿಗಳೂ ಸಾಲಾಗಿ ಎದ್ದು ನಿಂತವು. ದೊಡ್ಡವಳ ಬೆರಳಿಗೆ ಈಗ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಹೊರಳಿಸುವುದನ್ನು ನಿಲ್ಲಿಸು. ತೇವ ಏರಿಸು. ಖಚಿತವೇ? ಖಚಿತ.

ಪೆಟ್ಟಿಗೆಯೊಳಗೆ ಕಟಕ್ ಎಂದಿತು. ಓರೆಯಾಗಿದ್ದ ತಟ್ಟೆಗಳು ಮೆಲ್ಲಗೆ ನೆಟ್ಟಗಾಗಿ ನಿಂತವು. ಇಳಿಯುತ್ತಿದ್ದ ನಿಮಿಷಗಳು ಪರದೆಯಿಂದ ಮಾಯವಾದವು. ಒಂದು ಮೂಲೆಯಿಂದ ತೆಳುವಾದ ಹಬೆಯೆದ್ದು ಗಾಜಿನ ಮೇಲೆ ಕೂತಿತು.

ಶೆಡ್ಡಿನಲ್ಲಿ ಗಲ್ಲಿ ಕ್ರಿಕೆಟ್ ಗೆದ್ದವರಷ್ಟು ಗದ್ದಲವೆದ್ದಿತು. ಚಿಕ್ಕವಳು ದೊಡ್ಡವಳನ್ನು ಟ್ರೇ ಸಮೇತ ತಬ್ಬಿಕೊಂಡು ಗಿರಗಿರ ತಿರುಗಿಸಿದಳು. ಹೊರಗಿನ ಕೊಳದ ಬಾತುಗಳೆಲ್ಲ ಗಾಬರಿಯಾಗಿ ಒಟ್ಟಿಗೆ ಬಾಯಿ ಮಾಡಿದವು. ಮೈದುನ ಮಾತ್ರ ಫೋನನ್ನು ಎತ್ತಿಕೊಂಡು, ಆ ಚುಕ್ಕಿಗಳ ಹಿಂದೆ ಏನಿದೆ ಎಂದು ಕುತೂಹಲದಿಂದ ಬಗೆದು ನೋಡಿದ. ಅರ್ಥವಿಲ್ಲದ ಅಕ್ಷರ, ಅಂಕಿ, ಒಂದು ಆಶ್ಚರ್ಯಸೂಚಕ ಚಿಹ್ನೆ. "ಏಳು ಜನ್ಮ ಕೂತು ಊಹಿಸಿದ್ರೂ ಸಿಗ್ತಿರಲಿಲ್ಲ," ಎಂದ.

ಮಧ್ಯಾಹ್ನ ಗಡಿಬಿಡಿ ತಣ್ಣಗಾದ ಮೇಲೆ ದೊಡ್ಡವಳು ಫೋನಿನೊಳಗೆ ಓಡಾಡಿ ಏನು ಬಂದಿದೆ, ಏನಿಲ್ಲ ಎಂದು ನೋಡಿದಳು. ಫೋಟೋಗಳಿದ್ದವು. ಅಂಗಡಿಯವರ ಸಂದೇಶಗಳಿದ್ದವು. ಬ್ಯಾಂಕಿನ ಆ್ಯಪ್ ಅವಳನ್ನು ಪರಕೀಯಳಂತೆ ಕಂಡು ಮೊದಲಿನಿಂದ ಎಲ್ಲ ಕೇಳಿತು. ಧ್ವನಿಮುದ್ರಣದ ಆ್ಯಪ್ ಬಂದಿತ್ತು, ಆದರೆ ಒಳಗೆ ಏನೂ ಇರಲಿಲ್ಲ. ಅವರ ಮೊಟ್ಟಮೊದಲ ಮರಿಗಳ ಚಿಂವ್‌ಗುಟ್ಟುವಿಕೆಯನ್ನು ಅವಳು ಅದರಲ್ಲಿ ಹಿಡಿದಿಟ್ಟಿದ್ದಳು. ನಿದ್ದೆ ಬಾರದಾಗ ಕೇಳುತ್ತಿದ್ದಳು.

"ಬೇಜಾರಾಯ್ತಾ?" ಎಂದು ಚಿಕ್ಕವಳು ಪಕ್ಕದಲ್ಲಿ ಕೂತಳು.

"ಆಯ್ತು ಸ್ವಲ್ಪ. ಹೂಂ ಅಂತ ಒತ್ತಿದ್ದೆಲ್ಲ ಉಳೀತು, ಇದನ್ನ ಉಳಿಸ್ಲಾ ಅಂತ ಅದು ಕೇಳ್ಲೇ ಇಲ್ಲ ನೋಡು." ಆಮೇಲೆ ಅವಳು ಓರಗಿತ್ತಿಯ ಕೈಗೆ ಫೋನ್ ಕೊಟ್ಟಳು. "ಇದರಲ್ಲಿ ಏನೇನು ಹೋಗತ್ತೆ, ಏನೇನು ಹೋಗಲ್ಲ ಅಂತ ತೋರಿಸು. ಇವತ್ತೇ. ಮೊದಲಿಂದ ಕೊನೇವರೆಗೆ ನೋಡಬೇಕು ನಾನು."

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳ ಮೇಲೆ ಚಿಪ್ಪಿಗಿಂತ ಮರಿಗಳೇ ಹೆಚ್ಚಿದ್ದವು. ಕೆಲವು ಮೊಟ್ಟೆಗಳು ಕೊನೆಗೂ ಒಡೆಯಲಿಲ್ಲ. ಉಳಿದವು ಒದ್ದೆ ಹತ್ತಿಯ ಉಂಡೆಗಳಂತೆ ಹೊರಬಂದು, ಬಿದ್ದು, ಎದ್ದು, ಒಣಗಿ, ಹಳದಿಗೆ ತಿರುಗಿದವು. ಅತ್ತೆ ಅವುಗಳನ್ನು ಎಣಿಸಲು ಹೋಗಿ ಪ್ರತಿ ಸಲವೂ ತಪ್ಪಿ, ಕಡೆಗೆ ಕೈಬಿಟ್ಟಳು.

ಮೈಯೆಲ್ಲ ಚೆನ್ನಾಗಿ ಒಣಗಿ ಕಾಲು ಗಟ್ಟಿಯಾದ ಮೇಲೆ, ಒಂದು ಬಿಸಿಲಿನ ಬೆಳಗ್ಗೆ, ದೊಡ್ಡವಳು ಅಗಲವಾದ ತೊಟ್ಟಿಯಲ್ಲಿ ಹೆಬ್ಬೆರಳು ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿದಳು. ಚಿಕ್ಕವಳು ಬುಟ್ಟಿಯನ್ನು ಮೆಲ್ಲಗೆ ವಾಲಿಸಿದಳು. ಮರಿಗಳು ಅಂಚಿನಲ್ಲಿ ಒಂದರ ಹಿಂದೊಂದು ನಿಂತು ನೀರನ್ನು ನೋಡಿದವು. ಮುಂದಿನದಕ್ಕೆ ಧೈರ್ಯವಿಲ್ಲ, ಹಿಂದಿನವಕ್ಕೆ ತಾಳ್ಮೆಯಿಲ್ಲ. ಹಿಂದಿನವು ತಳ್ಳಿದವು. ಮೊದಲ ಮರಿ ಉರುಳಿ ಬಿತ್ತು, ಮುಳುಗಿತು, ಮೇಲೆ ಬಂತು, ತಾನು ತೇಲುತ್ತಿದ್ದೇನೆ ಎಂದು ತಿಳಿದದ್ದೇ ತೊಟ್ಟಿಯ ಈ ತುದಿಯಿಂದ ಆ ತುದಿಗೆ ನೀರು ಚಿಮ್ಮಿಸುತ್ತ ಓಡಿತು. ಉಳಿದವೆಲ್ಲ ದುಬುದುಬು ಎಂದು ಅದರ ಹಿಂದೆ ಬಿದ್ದವು. ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತ ದೊಡ್ಡವಳು ಬಾಯ್ತುಂಬ ನಕ್ಕಳು.